ನಾನು ಟೈಪ್ ಮಾಡದ ಸಾಲು

ಸ್ಪೀಕರಿನಲ್ಲಿ ಏನೋ ವಿಚಿತ್ರ ದನಿ ಕೇಳಿಸಿತು ಎಂದು ಯಾರಾದರೂ ಬಂದರೆ, ವೈರು ಸಡಿಲವಾಗಿರುತ್ತದೆ ತನ್ನಿ ಎನ್ನುತ್ತಿದ್ದವನು ನಾನು. ದಾಸರಹಳ್ಳಿಯಲ್ಲಿ ಮೈಕ್‌ಸೆಟ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಓದಿದ್ದು ಆರನೇ ಕ್ಲಾಸು, ಆದರೆ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ. ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಜಾಲಹಳ್ಳಿಯಲ್ಲಿ ವಯಸ್ಸಾದ ಫಾದರ್ ಒಬ್ಬರಿದ್ದರು. ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಅವರ ತಂಗಿ ತೀರಿಕೊಂಡರು. ಆ ಮನೆತನದಲ್ಲಿ ಮಣ್ಣು ಮಾಡುವ ಮುಂಚೆ ಹಿರಿಯಣ್ಣ ಹಳೇ ಕಾಲದ ಲ್ಯಾಟಿನ್ ಪ್ರಾರ್ಥನೆ ಹೇಳುವುದು ಪದ್ಧತಿ. ಅದನ್ನು ಯಂತ್ರದಿಂದ ಹೇಳಿಸಲು ನನಗೆ ಹೇಳಿ ಕಳಿಸಿದ್ದರು.

ಬರೆದದ್ದನ್ನು ಓದುವ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಆದರೆ ಅದಕ್ಕೆ ಲ್ಯಾಟಿನ್ ಬಾರದು. ಇಂಗ್ಲಿಷ್ ದನಿಯಲ್ಲಿ ಓದಿಸಿದರೆ ಫಾದರ್ ಮುಖ ಕಿವುಚಿದರು. ಕನ್ನಡ ಅಕ್ಷರದಲ್ಲಿ ಹೊಡೆದು ಕನ್ನಡ ದನಿಯಲ್ಲೇ ಓದಿಸೋಣ ಎಂದೆ. ಅವರು ಸ್ಲೇಟಿನಲ್ಲಿ ಒಂದೊಂದೇ ಸಾಲು ಬರೆದರು, ನಾನು ಟೈಪ್ ಮಾಡಿದೆ. ಚರ್ಚಿನ ಉಚ್ಚಾರಕ್ಕೆ ತಕ್ಕಂತೆ ಕ ಇದ್ದಲ್ಲಿ ಚ ಮಾಡಿ, ದೀರ್ಘ ಎಳೆದು, ಬೆಳಗಿನಿಂದ ತಿದ್ದಿದೆವು.

ಅಡುಗೆಯ ಸೆಲಿನಕ್ಕ ಟೀ ತಂದಿಟ್ಟು, “ಏನಣ್ಣ, ಆರನೇ ಕ್ಲಾಸು ಓದಿ ಫಾದರ್‌ಗೇ ಪಾಠ ಹೇಳ್ತಿದ್ದೀಯ?” ಎಂದರು.

“ಆರನೇ ಕ್ಲಾಸೇ ಅಕ್ಕ. ಆದ್ರೆ ಒಂದು ಒತ್ತಕ್ಷರ ತಪ್ಪು ಹುಡ್ಕಿ ನೋಡೋಣ.”

ಆಮೇಲೆ ಸೆಲಿನಕ್ಕ ನನ್ನನ್ನು ಬಾಗಿಲಾಚೆ ಕರೆದು ಮೆಲ್ಲಗೆ ಹೇಳಿದರು: “ಫಾದರ್ ತಂಗಿ ಹತ್ರ ಮಾತಾಡಿ ಹದಿನೆಂಟು ವರ್ಷ ಕಣಣ್ಣ. ಅವ್ರಮ್ಮ ಹೋದಾಗ, ಮಣ್ಣು ಮಾಡಿದ್ಮೇಲೆ ಇವ್ರಿಗೆ ಸುದ್ದಿ ಕಳ್ಸಿದ್ಳು ಆ ತಂಗಿ.”

ಹನ್ನೊಂದು ಗಂಟೆಗೆ ಪೂರ್ತಿ ಓದಿಸಿದೆ. ಮುಗಿಯುವ ಹೊತ್ತಿಗೆ ಫಾದರ್ ಕೈಯೆತ್ತಿದರು. ಕೊನೆಯದಕ್ಕಿಂತ ಹಿಂದಿನ ಸಾಲು ನೀನು ಸೇರಿಸಿದೆಯಾ ಎಂದು ಬರೆದರು. ಇಲ್ಲ ಎಂದೆ. ಪರದೆ ತೋರಿಸಿದೆ. ಅದರಲ್ಲಿ ಆ ಸಾಲು ಇರಲಿಲ್ಲ. ಅವರು ಸ್ಲೇಟು ಒರೆಸಿ ಮತ್ತೆ ಬರೆದರು: ‘ನಾನು ಇವಳನ್ನು ಕ್ಷಮಿಸಿದಂತೆ ನೀನೂ ಕ್ಷಮಿಸು ದೇವರೇ ಎನ್ನುವ ಸಾಲು ಅದು. ಬೇಕಂತಲೇ ಬಿಟ್ಟಿದ್ದೆ.’

ನನಗೆ ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. ಟೀ ಆರುತ್ತಿದೆ ಎಂದಷ್ಟೇ ಅನ್ನಿಸಿತು. ಮತ್ತೆ ಹತ್ತು ಸಲ ಓದಿಸಿದೆ. ಆ ಸಾಲು ಬರಲಿಲ್ಲ.

ಫಾದರ್ ಸ್ಲೇಟನ್ನು ಮತ್ತೆ ಒರೆಸಿದರು. ಆಮೇಲೆ ಆ ಸಾಲನ್ನು ತಾವೇ ಬರೆದು ಸ್ಲೇಟನ್ನು ನನ್ನ ಕಡೆ ತಳ್ಳಿದರು. ಟೈಪ್ ಮಾಡಿದೆ. ಯಂತ್ರ ತಪ್ಪು ತಪ್ಪಾಗಿ ಓದಿತು. ಏಳು ಸಲ ತಿದ್ದಿದ ಮೇಲೆ ಅವರು ಸರಿ ಎಂದು ತಲೆಯಾಡಿಸಿದರು.

ಸಂಜೆ ನಾಲ್ಕಕ್ಕೆ ಸಮಾಧಿ ಗುಂಡಿಯ ಪಕ್ಕ ಸ್ಪೀಕರು ಇಟ್ಟೆವು. ಆ ಸಾಲು ಬಂದಾಗ ಫಾದರ್ ತುಟಿಯೂ ಆಡುತ್ತಿತ್ತು. ಬೆಳಿಗ್ಗೆ ಯಾರೂ ಟೈಪ್ ಮಾಡದಿದ್ದಾಗ ಅದೇ ಸಾಲನ್ನು ಆ ಯಂತ್ರ, ಒಂದು ಸಲವೂ ತಿದ್ದಿಸಿಕೊಳ್ಳದೆ, ಒಂದೂ ತಪ್ಪಿಲ್ಲದೆ ಓದಿತ್ತು.