ಚಿಂಚೋಳಿಯಿಂದ ಶಹಾಬಾದಿಗೆ: ಒಂದು ಕಾರಿನ ಹೊಗೆ ಪರೀಕ್ಷೆ

ಬೆಳಿಗ್ಗೆ ಎಂಟಕ್ಕೆ ಚಿಂಚೋಳಿ ಬಸ್ ನಿಲ್ದಾಣದ ಎದುರು ಮಲ್ಲಣ್ಣನವರ ಹಳೆಯ ಡೀಸೆಲ್ ಕಾರು ಹತ್ತಿದೆ. ಕಾರು ಪರಿಸರಕ್ಕೆ ಎಷ್ಟು ಒಳ್ಳೆಯದೆಂದು ಹೇಗೆ ಅಳೆಯುತ್ತಾರೆ ಎಂಬ ವರದಿಗಾಗಿ ಸೇಡಂ, ಚಿತ್ತಾಪುರ, ವಾಡಿ ದಾಟಿ ಶಹಾಬಾದಿಗೆ ಹೋಗಬೇಕಿತ್ತು. ಬಾಡಿಗೆ ಎರಡೂವರೆ ಸಾವಿರ, ಊಟ ನನ್ನದು. ಹಿಂದಿನ ದಿನ ಶಹಾಬಾದ್ ಕಡೆಯಿಂದ ಬಾಡಿಗೆಗೆ ಬಂದಿದ್ದ ಮಲ್ಲಣ್ಣನವರಿಗೂ ಅವಸರವಿತ್ತು. ಮರುದಿನದಿಂದ ಬ್ಯಾಂಕೊಂದರ ಅಧಿಕಾರಿಗಳನ್ನು ವರ್ಷವಿಡೀ ಓಡಾಡಿಸುವ ಕೆಲಸ ಸಿಕ್ಕಿತ್ತು. ಹೊಗೆ ತಪಾಸಣೆಯ ಹೊಸ ಪ್ರಮಾಣಪತ್ರವನ್ನು ಸಂಜೆ ಐದರೊಳಗೆ ಕಳಿಸದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು.

"ನಮ್ಮ ಗಾಡಿಗಿ ಏನ್ ಆಗ್ಯಾದ್ರಿ? ದಿನಾ ತೊಳಿತೀನಿ. ಮಾರಿ ನೋಡ್ಕೋಬಹುದು," ಎಂದರು. ಬಾನೆಟ್ಟಿನಲ್ಲಿ ನಿಜಕ್ಕೂ ಮುಖ ಕಾಣುತ್ತಿತ್ತು.

ಸುಲೇಪೇಟದಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿಂದು ಸೇಡಂ ಸೇರಿದಾಗ ಹತ್ತು ದಾಟಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಲ್ಲಿಯ ಹೊಗೆ ತಪಾಸಣೆ ಕೇಂದ್ರದವನು ಸೈಲೆನ್ಸರಿಗೆ ನಳಿಗೆ ಸಿಕ್ಕಿಸಿ ಆಕ್ಸಿಲರೇಟರ್ ಒತ್ತಿಸಿದ. ಕಪ್ಪು ಹೊಗೆ ಬಂತು. ಯಂತ್ರ ಫೇಲ್ ತೋರಿಸಿತು. ಆತ ಪಕ್ಕದ ಹೊಸ ಕಾರಿನತ್ತ ಕಣ್ಣು ಮಾಡಿ, "ಫೋಟೋ ನಿಮ್ಮ ನಂಬರ್ ಪ್ಲೇಟಿಂದು, ನಳಿಗಿ ಆ ಗಾಡಿಗಿ. ಎರಡ್ ನಿಮಿಷದ ಕೆಲಸ," ಎಂದ.

"ಗಾಡಿ ನಂದು, ಹೊಗಿ ಮಂದೀದಾ? ಬ್ಯಾಡಪಾ," ಎಂದು ಮಲ್ಲಣ್ಣ ಬಾಗಿಲು ಎಳೆದುಕೊಂಡರು. ಶಹಾಬಾದಿನಲ್ಲಿ ಇನ್ನೊಂದು ಕೇಂದ್ರವಿದೆಯೆಂದು ಗಾಡಿ ಮುಂದಕ್ಕೆ ಬಿಟ್ಟರು.

ಚಿತ್ತಾಪುರದಲ್ಲಿ ಚಹಾ ಕುಡಿಯುವಾಗ ಎಲೆಕ್ಟ್ರಿಕ್ ಕಾರು ಕೊಂಡ ಶಿಕ್ಷಕರೊಬ್ಬರು ಸಿಕ್ಕರು. "ನಂದು ಹೊಗಿ ಸೊನ್ನೆ ನೋಡ್ರಿ," ಎಂದರು.

"ಸೊನ್ನೆ ಹ್ಯಾಂಗ್ರಿ ಮಾಸ್ತರ? ಕರೆಂಟ್ ಕಲ್ಲಿದ್ದಲಿಂದ ಬರಾಕತ್ತದ. ನಿಮ್ಮ ಹೊಗಿ ಬ್ಯಾರೆ ಊರಾಗ ಏಳ್ತದ, ಅಷ್ಟೇ." ಮಲ್ಲಣ್ಣ ಲೋಟ ಕೆಳಗಿಟ್ಟು ಹೇಳಿದರು.

ಇಬ್ಬರ ಮಾತೂ ಸರಿ. ಹೊಸ ಮಾದರಿಯ ಕಾರನ್ನು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಿಂತಲ್ಲೇ ಓಡಿಸಿ, ಕಿಲೋಮೀಟರಿಗೆ ಎಷ್ಟು ಗ್ರಾಂ ಉಗುಳಿತೆಂದು ಬರೆಯುತ್ತಾರೆ. ರಸ್ತೆಗೆ ಬಂದ ಮೇಲೆ ಉಳಿಯುವುದು ಈ ನಳಿಗೆಯ ಪರೀಕ್ಷೆ. ಎರಡೂ ನೋಡುವುದು ಹೊರಬರುವುದನ್ನು ಮಾತ್ರ. ವಿದ್ಯುತ್ ಎಲ್ಲಿ ತಯಾರಾಯಿತು, ಕಾರು ತಯಾರಿಸಲು ಏನೆಲ್ಲ ಸುಟ್ಟರು ಎಂಬುದು ಪರೀಕ್ಷೆಯ ಹಾಳೆಯಲ್ಲಿ ಬರುವುದಿಲ್ಲ.

ವಾಡಿಯಲ್ಲಿ ರೈಲ್ವೆ ಗೇಟು, ಲಾರಿಗಳ ಸಾಲು; ಎರಡು ತಾಸು ಅಲ್ಲೇ ಹೋಯಿತು. ರೊಟ್ಟಿ, ಪುಂಡಿಪಲ್ಯ ಊಟಕ್ಕೆ ಇಬ್ಬರಿಗೆ ನೂರ ಅರವತ್ತು. ಶಹಾಬಾದ್ ತಲುಪಿದಾಗ ಮೂರೂಮುಕ್ಕಾಲು.

ಅಲ್ಲಿಯ ಕೇಂದ್ರ ನಡೆಸುವ ಶಬಾನಾ ನಳಿಗೆ ಹಚ್ಚುವ ಮೊದಲು ಬಾನೆಟ್ ತೆಗೆಸಿದರು. ಏರ್ ಫಿಲ್ಟರ್ ಹೊರಗೆಳೆದು ನೆಲಕ್ಕೆ ಬಡಿದರು. ಬಿಳಿ ಪುಡಿ ಬೊಗಸೆಯಷ್ಟು ಬಿತ್ತು.

"ಕಾಕಾ, ಗಾಡಿ ಎಲ್ಲಿ ನಿಂದರಸ್ತೀರಿ?"

"ಇಲ್ಲೇ ಭಂಕೂರಾಗ, ನಮ್ಮ ತಮ್ಮನ ಫರಸಿ ಕಲ್ಲು ಪಾಲಿಶ್ ಮಾಡೋ ಶೆಡ್ಡಿನಾಗ. ನೆಳ್ಳ ಇರ್ತದಲಾ."

"ಇದು ಕಲ್ಲಿನ ಪುಡಿ, ಕಾಕಾ. ಬಿಸಿಲಿಂದ ಬಣ್ಣ ಉಳಸಾಕ ಹೋಗಿ ಗಾಡಿ ಉಸಿರು ಕಟ್ಟಸೀರಿ. ಗಾಳಿ ಸಿಗ್ಲಿಲ್ಲಂದ್ರ ಡೀಸೆಲ್ ಪೂರಾ ಸುಡಂಗಿಲ್ಲ, ಕರಿ ಹೊಗಿ ಬರ್ತದ."

ಮಲ್ಲಣ್ಣ ಎದುರಿನ ಅಂಗಡಿಯಿಂದ ಹೊಸ ಫಿಲ್ಟರ್ ತಂದು ಹಾಕಿಸಿದರು. ಮತ್ತೆ ನಳಿಗೆ, ಮತ್ತೆ ಆಕ್ಸಿಲರೇಟರ್. ಈ ಸಲ ಪಾಸ್. ನಾಲ್ಕೂವರೆಗೆ ಪ್ರಮಾಣಪತ್ರದ ಫೋಟೋ ಬ್ಯಾಂಕಿಗೆ ಹೋಯಿತು. ಐದು ನಿಮಿಷದಲ್ಲಿ ಉತ್ತರ ಬಂತು: ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ತನ್ನಿ.

ಮಲ್ಲಣ್ಣ ನಗುತ್ತ ನನಗೆ ಅದನ್ನು ಓದಿ ಹೇಳಿದರು. ನೆಲದ ಮೇಲಿನ ಪುಡಿಯನ್ನು ಚಪ್ಪಲಿಯಿಂದ ಸರಿಸಹೋದವರು ನಿಂತರು. ಫೋನ್ ತೆಗೆದು ತಮ್ಮನಿಗೆ ಹಚ್ಚಿದರು.

"ಶರಣು, ಕೆಲಸ ಆತು. ಗಾಡಿ ಇನ್ನ ಹೊರಗೇ ನಿಂದರಸ್ತೀನಿ... ಅದ್ ಬಿಡೋ. ಶೆಡ್ಡಿನಾಗ ನೀವು ಎಷ್ಟ ಮಂದಿ ಅದೀರಿ? ಮಾರಿಗಿ ಏನರ ಕಟ್ಕೋತೀರಿಲ್ಲೋ?"

ಅತ್ತಲಿನ ಉತ್ತರ ನನಗೆ ಕೇಳಲಿಲ್ಲ. ಐದೂಕಾಲಿನ ಕಲಬುರಗಿ ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಮಲ್ಲಣ್ಣ ಔಷಧ ಅಂಗಡಿಯ ಮುಂದೆ ನಿಂತು, ಮಾಸ್ಕುಗಳ ಕಟ್ಟಿನಿಂದ ಒಂದನ್ನು ತೆಗೆದು ತಮ್ಮ ಮೂಗಿಗೇ ಕಟ್ಟಿ ಜೋರಾಗಿ ಉಸಿರೆಳೆದು ಪರೀಕ್ಷಿಸುತ್ತಿದ್ದರು.