ಡಬ್ಬಿಯೊಳಗಿನ ದ್ರಾಕ್ಷಿ

ಮರೆವಿನ ಕಾಯಿಲೆಯವರನ್ನು ಹಗಲು ಹೊತ್ತು ನೋಡಿಕೊಳ್ಳುವ ಮನೆಯೊಂದು ಬೋಡಿನಾಯಕನೂರಿನಲ್ಲಿದೆ. ವಾರಕ್ಕೆರಡು ದಿನ ಅವ್ವನನ್ನು ಅಲ್ಲಿ ಬಿಟ್ಟು ಬರುತ್ತಿದ್ದೆ. "ಹೆತ್ತವ್ಳನ್ನ ಕಂಡೋರ ಕೈಗೆ ಕೊಟ್ಯಾ?" ಎಂದು ನೆಂಟರು ಕೇಳುತ್ತಿದ್ದರು. ಒಂದು ದಿನ ನೀವೇ ಇಟ್ಟುಕೊಳ್ಳಿ ಎಂದರೆ ಒಬ್ಬರಿಗೂ ಬಿಡುವಿರಲಿಲ್ಲ. ನನಗೆ ಬೇಕಾಗಿದ್ದುದು ಒಂದು ನಿದ್ದೆ, ಅಷ್ಟೇ.

ಮಧ್ಯಾಹ್ನಕ್ಕೆಂದು ಡಬ್ಬಿಯಲ್ಲಿ ಮೊಸರನ್ನ ಕಟ್ಟಿ ಕಳಿಸುತ್ತಿದ್ದೆ. ಒಂದು ಸಂಜೆ ಕರೆತರಲು ಹೋದಾಗ ಅವ್ವ ಆ ಡಬ್ಬಿಯನ್ನು ಸೆರಗಿನಿಂದ ಒರೆಸುತ್ತ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡು ಮುಂದೆ ಚಾಚಿದಳು.

"ಇಕಾ ತಾಯಿ, ನಿಮ್ಮ ಮನೆ ಡಬ್ಬಿ. ಅನ್ನ ಚೆಂದಾಗಿತ್ತು."

ಅವಳ ಕೈಯಲ್ಲಿರುವಾಗಲೇ ಮುಚ್ಚಳ ತೆಗೆದೆ. ಒಳಗೆ ಒಂದು ಹಿಡಿ ಕಪ್ಪು ದ್ರಾಕ್ಷಿ. ತಿನ್ನಲು ಕೊಟ್ಟಿದ್ದನ್ನು ಅವಳು ಬಾಯಿಗೇ ಹಾಕಲಿಲ್ಲವೆಂದು ಅಲ್ಲಿನ ಆಯಾ ಹೇಳಿದಳು. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿ ಕಲಿಸಿದವಳು ಅವ್ವನೇ. ಈಗ ನಾನೇ ಅವಳಿಗೆ ನೆರೆಮನೆಯವಳಾಗಿದ್ದೆ. ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡೆ.

"ಮನೇಲಿ ನಿಮ್ಮವ್ವ ಚೆಂದಾಗವ್ರಾ?" ಎಂದು ಕೇಳಿದಳು.

"ಚೆಂದಾಗವ್ಳೆ" ಎಂದು ಹೇಳಿ, ಅವಳ ಕೈ ಹಿಡಿದು ಮೆಟ್ಟಿಲಿಳಿಸಿದೆ.