ತೊಟ್ಟಿಲು ತೂಗುವ ಬಾಗಿಲು

ಬೆಳಗಿನ ಮೊದಲ ಬಸ್ಸಿಗೆ ಬೆಳ್ಳಾರೆಯಿಂದ ಪುತ್ತೂರಿಗೆ ಬಂದಿಳಿಯುವ ಭವಿತಾ, ಅಲ್ಲಿನ ದರ್ಬೆಯಲ್ಲಿರುವ ಕಟ್ಟಡ ವಿನ್ಯಾಸದ ಕಚೇರಿಯ ಶಟರನ್ನು ತಾವೇ ಎತ್ತುತ್ತಾರೆ. ಕಸ ಗುಡಿಸುವ ಮೊದಲೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ನಿನ್ನೆ ಮಾಡಿಟ್ಟದ್ದು ಇವತ್ತು ಹಾಗೇ ಇದೆಯೆಂದು ಅವರು ನಂಬುವುದಿಲ್ಲ.

ಇಟ್ಟಿಗೆಯ ಬದಲು ಉಕ್ಕಿನ ತೆಳು ಪಟ್ಟಿಗಳಿಂದ ಏಳುವ ಗೋಡೆಗಳ ಒಳಹಂದರ ಬಿಡಿಸುವುದು ಅವರ ಕೆಲಸ. ನೆಟ್ಟಗೆ ನಿಲ್ಲುವುದಕ್ಕೆ ಸ್ಟಡ್, ಅಡಿಗೂ ಮೇಲಕ್ಕೂ ಮಲಗುವುದಕ್ಕೆ ಟ್ರ್ಯಾಕ್, ಬಾಗಿಲ ನೆತ್ತಿಗೊಂದು ಅಡ್ಡಪಟ್ಟಿ. ಎಲ್ಲಿಗೆ ಯಾವ ಜಾತಿಯದ್ದೆಂದು ಸಾಫ್ಟ್‌ವೇರಿನಲ್ಲಿ ಆರಿಸಬೇಕು. ಆರಿಸದಿದ್ದರೆ ಅದೇ ಏನೋ ಒಂದು ತುಂಬಿಬಿಡುತ್ತದೆ.

"ಕೇಳುದೇ ಇಲ್ಲ ಮಾರಾಯ್ರೆ, ಸುಮ್ಮನೆ ಹಾಕ್ತದೆ. ಸುಮ್ಮನೆ ಕೆಲಸ ಮಾಡುವವರ ಮೇಲೆಯೇ ನನಗೆ ಸಂಶಯ ಜಾಸ್ತಿ" ಎನ್ನುತ್ತಾರೆ ಭವಿತಾ.

ಡಿಪ್ಲೊಮಾ ಮುಗಿಸಿ ಈ ಕುರ್ಚಿಗೆ ಬಂದು ವರ್ಷಗಳಾದವು. "ಅಮ್ಮನಿಗೆ ಈಗಲೂ ನಾನೆಂತ ಮಾಡುದು ಅಂತ ಗೊತ್ತಿಲ್ಲ. ತಗಡು ಮಾರುದು ಅಂತ ನೆಂಟರಿಗೆ ಹೇಳ್ತಾರೆ."

ಬೆಳ್ಳಾರೆಯ ಮೈಮೂನಾ ಅವರ ಮನೆಯ ಮಹಡಿ ಕೋಣೆಯ ಪಟ್ಟಿಗಳನ್ನು ಇಂದು ವರ್ಕ್‌ಶಾಪಿನಲ್ಲಿ ಕತ್ತರಿಸಬೇಕು. ಮಗಳು ಬಾಣಂತನಕ್ಕೆ ಬರುತ್ತಾಳೆ. "ಬಾಗಿಲ ಮೇಲೆ ಕೊಕ್ಕೆ ಬೇಕು ಭವಿತಾ, ತೊಟ್ಟಿಲು ಅಲ್ಲಿಗೇ ಕಟ್ಟುದು" ಎಂದಿದ್ದರು ಮೈಮೂನಾ. ಅದಕ್ಕೆಂದೇ ಭವಿತಾ ಅಲ್ಲಿಗೆ ದಪ್ಪ ಅಡ್ಡಪಟ್ಟಿಯನ್ನೂ ಎರಡೂ ಬದಿಗೆ ಜೋಡಿ ಸ್ಟಡ್‌ಗಳನ್ನೂ ಆರಿಸಿದ್ದರು. ಈಗ ಪರದೆಯ ಮೇಲಿರುವುದು ತೆಳು ಪಟ್ಟಿ, ಒಂಟಿ ಸ್ಟಡ್.

ಆಗಷ್ಟೇ ಒಳಬಂದ ಸಹೋದ್ಯೋಗಿ ಕೀರ್ತನ್‌ನನ್ನು ಅವರು ದಿಟ್ಟಿಸುತ್ತಾರೆ. "ಇದಕ್ಕೆ ಕೈ ಹಾಕಿದ್ದು ನೀನಾ?"

"ಅಯ್ಯೋ ಅಕ್ಕ, ನಿಮ್ಮ ಫೈಲು ಮುಟ್ಟಿ ನನಗೆ ಈ ಊರಲ್ಲಿ ಬದುಕ್ಲಿಕ್ಕುಂಟಾ?"

ಭವಿತಾ ನಗುವುದಿಲ್ಲ. ವರ್ಕ್‌ಶಾಪಿಗೆ ಫೋನು ಮಾಡಿ "ಯಂತ್ರ ನಿಲ್ಲಿಸಿ" ಎನ್ನುತ್ತಾರೆ. ಆಮೇಲೆ ಹಿಂದಿನ ಬದಲಾವಣೆಗಳನ್ನು ಒಂದೊಂದೇ ತೆರೆಯುತ್ತಾರೆ. ನಿನ್ನೆ ಸಂಜೆ, ಮೈಮೂನಾ ಕೇಳಿದರೆಂದು ನಕ್ಷೆಯಲ್ಲಿ ಬಾಗಿಲನ್ನು ತುಸು ಸರಿಸಿದ್ದು ಸ್ವತಃ ಭವಿತಾ. ಸರಿಸಿದೊಡನೆ ಸಾಫ್ಟ್‌ವೇರು ಹಂದರವನ್ನು ಹೊಸದಾಗಿ ಹೆಣೆದು, ಅವರು ಆರಿಸಿದ್ದನ್ನೆಲ್ಲ ಮರೆತಿದೆ.

ದಪ್ಪ ಪಟ್ಟಿ, ಜೋಡಿ ಸ್ಟಡ್ ಎಲ್ಲವನ್ನೂ ಮತ್ತೆ ಆರಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕೀರ್ತನ್‌ನ ಮೇಜಿಗೆ ಚಹಾ ಬರುತ್ತದೆ.

"ಹೋ, ನನ್ನ ಕೇಸು ಖುಲಾಸೆಯಾ?"

"ಕುಡಿ. ಆ ಬಾಗಿಲಿನ ಹತ್ತಿರ ಮಾತ್ರ ಬರ್ಬೇಡ."

ಭವಿತಾ ಅವರ ಆಸೆ ಸಣ್ಣದು. "ಬೋರ್ಡು ಹೊಡೆದು ಹಂದರ ಮುಚ್ಚುವ ಮೊದಲು ಆ ಗೋಡೆ ನೋಡ್ಬೇಕು. ಆಮೇಲೆ ಒಳಗೆ ಎಂತ ಉಂಟು ಅಂತ ಯಾರಿಗೂ ಕಾಣುದಿಲ್ಲ."

ನೋಡಿದರೆ ನಂಬಿಕೆ ಬರುತ್ತದೆಯೇ ಎಂದು ಕೇಳುತ್ತೇನೆ.

ಅವರು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. "ಎಲ್ಲಿಯ ನಂಬಿಕೆ! ಮೈಮೂನಕ್ಕನಿಗೆ ಹೇಳಿಟ್ಟಿದ್ದೇನೆ, ಆ ಕೊಕ್ಕೆಗೆ ಮೊದಲು ಜೋತು ಬೀಳುದು ನಾನು. ಮಗು ಆಮೇಲೆ."